ಪುಣ್ಯದ ಕೆಲಸ ಎನ್ನಬೇಡಿ, ಕೆಲಸ ಎನ್ನಿ: ಕೊಡಗಿನ ಗ್ರಾಮ ಪಂಚಾಯಿತಿಗಳಿಗೆ ಒಂದು ಬಹಿರಂಗ ಪತ್ರ

ಕೊಡಗು ಜಿಲ್ಲೆಯ ಎಲ್ಲ ಗ್ರಾಮ ಪಂಚಾಯಿತಿಗಳ ಅಧ್ಯಕ್ಷರು, ಉಪಾಧ್ಯಕ್ಷರು ಮತ್ತು ಸದಸ್ಯರಿಗೆ,

ಮಾನ್ಯರೇ,

ನಾನು ಹದಿನೇಳು ವರ್ಷಗಳಿಂದ ಈ ಜಿಲ್ಲೆಯಲ್ಲಿ ಬೌದ್ಧಿಕ ವಿಕಲತೆ ಇರುವ ಮಕ್ಕಳು ಮತ್ತು ವಯಸ್ಕರ ಜೊತೆ ಕೆಲಸ ಮಾಡುತ್ತಿರುವವಳು. ದ್ವಿತೀಯ ಪಿಯುಸಿ ಮುಗಿದ ಮೇಲೆ ವಿಶೇಷ ಶಾಲೆಯೊಂದಕ್ಕೆ ಆಯಾ ಆಗಿ ಸೇರಿದೆ. ಆಮೇಲೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇರುವ ತರಬೇತಿ ಪಡೆದು, ಈಗ ಹದಿನೆಂಟು ದಾಟಿದವರಿಗೆ ದಿನನಿತ್ಯದ ಬದುಕಿನ ಕೆಲಸಗಳನ್ನೂ ಸಣ್ಣಪುಟ್ಟ ಕಸುಬನ್ನೂ ಕಲಿಸುವ ಘಟಕವೊಂದರಲ್ಲಿದ್ದೇನೆ. ನನ್ನ ಕೆಲಸದ ಹೆಸರು ಕಾಗದದ ಮೇಲೆ ಹಲವು ಸಲ ಬದಲಾಗಿದೆ. ಮಕ್ಕಳ ಪಾಲಿಗೆ ನಾನು ಅಕ್ಕ, ತಾಯಂದಿರ ಪಾಲಿಗೆ ಟೀಚರ್.

ಈ ಪತ್ರ ಬರೆಯಲು ಕಾರಣವಾದ ಘಟನೆಯನ್ನು ಮೊದಲು ಹೇಳುತ್ತೇನೆ. ಕಳೆದ ವರ್ಷ ಒಂದು ಪಂಚಾಯಿತಿಯಲ್ಲಿ ವಿಶೇಷಚೇತನರ ಸಮನ್ವಯ ಗ್ರಾಮಸಭೆ ನಡೆಯಿತು. ಆ ಪಂಚಾಯಿತಿಯ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ, ಏಕೆಂದರೆ ಅಲ್ಲಿ ನಡೆದದ್ದು ಬೇರೆಡೆಯೂ ನಡೆಯುವಂಥದ್ದೇ. ಮೂವರು ತಾಯಂದಿರ ಜೊತೆ ನಾನೂ ಹೋಗಿದ್ದೆ. ನಮ್ಮ ಕೈಯಲ್ಲಿ ಒಂದು ಅರ್ಜಿಯಿತ್ತು. ಶಾಲೆಯ ವಯಸ್ಸು ಮುಗಿದು ಮನೆಯಲ್ಲೇ ಉಳಿದಿರುವ ಆ ಊರಿನ ಐವರು ಯುವಕ ಯುವತಿಯರಿಗಾಗಿ ಪಂಚಾಯಿತಿಯ ಖಾಲಿ ಕೊಠಡಿಯೊಂದನ್ನು ವಾರಕ್ಕೆ ಎರಡು ದಿನ ಬಿಟ್ಟುಕೊಡಬೇಕು, ತರಬೇತಾದ ಒಬ್ಬ ಸಹಾಯಕಿಗೆ ಗೌರವಧನ ಕೊಡಬೇಕು ಎಂಬುದಷ್ಟೇ ಅದರಲ್ಲಿದ್ದದ್ದು. ಅರ್ಜಿ ಓದುವ ಮೊದಲೇ ನನ್ನನ್ನು ವೇದಿಕೆಗೆ ಕರೆದರು. ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಸದಸ್ಯರೊಬ್ಬರು ಮನಸಾರೆ ಹೇಳಿದರು: ‘ಇಂಥ ಪುಣ್ಯದ ಕೆಲಸ ಮಾಡುವವರಿಗೆ ನಾವು ಎಷ್ಟು ಕೊಟ್ಟರೂ ಕಡಿಮೆಯೇ, ಇದರ ಫಲವನ್ನು ದೇವರೇ ಕೊಡಬೇಕು.’ ಎಲ್ಲರೂ ಚಪ್ಪಾಳೆ ತಟ್ಟಿದರು. ಅರ್ಜಿಯನ್ನು ಮುಂದಿನ ಸಭೆಗೆ ಇಟ್ಟರು. ಆ ಮುಂದಿನ ಸಭೆಯಲ್ಲಿ ಅದು ಬರಲಿಲ್ಲ.

ವಾಪಸು ಬರುವಾಗ ಜೀಪಿನಲ್ಲಿ ಒಬ್ಬ ತಾಯಿ ಆ ಶಾಲನ್ನು ಮಡಿಚಿ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ ಕೇಳಿದರು: ‘ಟೀಚರೇ, ದೇವರು ಕೊಡ್ತಾನೆ ಅಂದ್ರಲ್ಲ, ಹಾಗಾದ್ರೆ ಪಂಚಾಯ್ತಿಯಿಂದ ಕೊಡೋದಿಲ್ಲ ಅಂತಲಾ?’ ಆಕೆ ನಿಜವಾಗಿಯೂ ತಿಳಿಯದೆ ಕೇಳಿದ ಪ್ರಶ್ನೆ ಅದು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಸದಸ್ಯರ ಮೇಲೆ ನನಗೆ ಸಿಟ್ಟಿಲ್ಲ, ಅವರು ಒಳ್ಳೆಯ ಮನಸ್ಸಿನಿಂದಲೇ ಆಡಿದ ಮಾತದು. ಆದರೆ ಹದಿನೇಳು ವರ್ಷಗಳಲ್ಲಿ ಈ ‘ಪುಣ್ಯ’ ಎಂಬ ಮಾತು ನಮ್ಮ ದಾರಿಗೆ ಅಡ್ಡವಾದಷ್ಟು ಬೈಗುಳವೂ ಆಗಿಲ್ಲ. ಪುಣ್ಯದ ಕೆಲಸಕ್ಕೆ ಸಂಬಳ ಕೇಳುವಂತಿಲ್ಲ, ತರಬೇತಿ ಬೇಕೆನ್ನುವಂತಿಲ್ಲ, ಒಳ್ಳೆಯ ಮನಸ್ಸಿದ್ದರೆ ಸಾಕು ಎಂದಾಗಿಬಿಡುತ್ತದೆ. ನಾವು ಯಾರ ಜೊತೆ ಕೆಲಸ ಮಾಡುತ್ತೇವೋ ಅವರು ನಮಗೆ ಪುಣ್ಯ ಗಳಿಸಿಕೊಡುವ ಸಾಧನಗಳಾಗಿ ಕಾಣತೊಡಗುತ್ತಾರೆ. ಆದ್ದರಿಂದ ಈ ಕೆಲಸದಲ್ಲಿ ನನಗೆ ಸಿಕ್ಕಿರುವುದು ಏನು, ಇಷ್ಟು ವರ್ಷ ನನ್ನನ್ನು ಇಲ್ಲಿ ಉಳಿಸಿರುವುದು ಏನು ಎಂಬುದನ್ನು ಕಂಡದ್ದು ಕಂಡಂತೆ ನಿಮ್ಮ ಮುಂದೆ ಇಡಲು ಬಯಸುತ್ತೇನೆ. ಅದನ್ನು ತಿಳಿದ ಮೇಲೆ ಅರ್ಜಿಯನ್ನು ಮತ್ತೊಮ್ಮೆ ನೋಡುವಿರೆಂಬ ನಂಬಿಕೆ ನನಗಿದೆ. ಇಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ. ಇವು ಅವರ ಬದುಕಿನ ಸಂಗತಿಗಳು, ನನ್ನ ಪತ್ರಕ್ಕೆ ಒದಗಿದ ಸರಕಲ್ಲ.

ಮೊದಲನೆಯವನು ಅಮ್ಮತ್ತಿ ಕಡೆಯ ತೋಟವೊಂದರ ಲೈನ್ ಮನೆಯ, ಅಂದರೆ ಕಾರ್ಮಿಕರ ಸಾಲುಮನೆಯ ಹುಡುಗ. ನಮ್ಮಲ್ಲಿಗೆ ಬಂದಾಗ ಹದಿನಾಲ್ಕು ವರ್ಷ. ತಂದೆ ತಾಯಿ ಇಬ್ಬರೂ ಬೆಳಿಗ್ಗೆ ಏಳೂವರೆಗೆಲ್ಲ ಕೆಲಸಕ್ಕೆ ಹೊರಡಬೇಕು. ತಾಯಿ ಆತುರದಲ್ಲಿ ಅವನಿಗೆ ಅಂಗಿ ತೊಡಿಸಿ, ಗುಂಡಿ ಹಾಕಿ, ಪಕ್ಕದ ಮನೆಯವರಿಗೆ ಒಪ್ಪಿಸಿ ಹೋಗುತ್ತಿದ್ದರು. ಮಳೆಗಾಲದಲ್ಲಿ ನಮ್ಮ ವ್ಯಾನು ತಡವಾದರೆ, ಆನೆ ರಸ್ತೆಗಿಳಿದ ಕಾರಣ ವ್ಯಾನೇ ಬರದೇ ಹೋದರೆ, ಅವನು ಅದೇ ಅಂಗಿಯಲ್ಲಿ ಸಂಜೆಯವರೆಗೆ ಇರುತ್ತಿದ್ದ. ಅಂಗಿ ಒದ್ದೆಯಾದರೂ ಬಿಚ್ಚಲು ಬಾರದು, ಬಿಚ್ಚಿದರೆ ಹಾಕಲು ಬಾರದು.

ಗುಂಡಿ ಹಾಕುವುದನ್ನು ಅವನಿಗೆ ಕಲಿಸಬೇಕಿತ್ತು. ನಾವೆಲ್ಲ ದಿನವೂ ಯೋಚಿಸದೆ ಮಾಡುವ ಕೆಲಸ ಅದು. ಅದನ್ನು ಬಿಡಿಸಿ ನೋಡಿದರೆ ಬಲಗೈ ಮಾಡುವುದು ಬೇರೆ, ಎಡಗೈ ಮಾಡುವುದು ಬೇರೆ, ಕಣ್ಣು ಇರಬೇಕಾದ ಜಾಗ ಬೇರೆ. ಅಂಚನ್ನು ಹಿಡಿಯಬೇಕು, ಗುಂಡಿಯನ್ನು ಅಡ್ಡ ತಿರುಗಿಸಬೇಕು, ತೂತಿನೊಳಗೆ ಅರ್ಧ ತಳ್ಳಬೇಕು, ಆ ಅರ್ಧದಲ್ಲಿ ಕೈ ಬದಲಾಯಿಸಿ ಆಚೆಯಿಂದ ಎಳೆದುಕೊಳ್ಳಬೇಕು. ಕೈ ಬದಲಾಯಿಸುವ ಆ ಕ್ಷಣದಲ್ಲೇ ಅವನು ಸೋಲುತ್ತಿದ್ದ. ಹಳೆಯ ಕಂಬಳಿಯ ತುಂಡಿಗೆ ಕೋಟಿನ ದೊಡ್ಡ ಗುಂಡಿ ಹೊಲಿದು ಶುರು ಮಾಡಿದೆವು. ಕಲಿಸುವುದು ಕೊನೆಯ ಹಂತದಿಂದ. ಎಲ್ಲವನ್ನೂ ನಾನೇ ಮಾಡಿ, ಗುಂಡಿ ಮುಕ್ಕಾಲು ದಾಟಿದ ಮೇಲೆ ಅವನ ಬೆರಳಿಗೆ ಬಿಡುವುದು, ಅವನು ಒಮ್ಮೆ ಎಳೆದರೆ ಕೆಲಸ ಪೂರೈಸುತ್ತದೆ. ಹಾಗೆ ಮಾಡಿದರೆ ಪ್ರತಿ ಸಲವೂ ಕೆಲಸ ಮುಗಿಸಿದವನು ಅವನೇ ಆಗುತ್ತಾನೆ. ಮೊದಲ ಹಂತದಿಂದ ಕಲಿಸಿದರೆ ಪ್ರತಿ ಸಲವೂ ಸೋಲಿನಲ್ಲಿ ಮುಗಿಯುತ್ತದೆ. ಇದು ನನಗೆ ಹುಟ್ಟಿನಿಂದ ಬಂದ ಒಳ್ಳೆಯತನವಲ್ಲ, ತರಬೇತಿಯಲ್ಲಿ ಕಲಿತ ವಿದ್ಯೆ. ಕಾಫಿ ಹೂವಿನ ಕಾಲದಲ್ಲಿ ಆರಂಭಿಸಿದ್ದು ರೊಬಸ್ಟಾ ಕೊಯ್ಲಿನ ಹೊತ್ತಿಗೆ ಕೋಟಿನ ಗುಂಡಿಯಿಂದ ಅಂಗಿಯ ಗುಂಡಿಗೆ ಬಂದಿತ್ತು.

ಒಂದು ಸೋಮವಾರ ಅವನು ವ್ಯಾನಿನಿಂದ ಇಳಿದಾಗ ಅಂಗಿಯ ಗುಂಡಿಗಳೆಲ್ಲ ಒಂದೊಂದು ತೂತು ಮೇಲಕ್ಕೆ ಹೋಗಿದ್ದವು. ಒಂದು ಕಡೆ ಅಂಗಿ ಗಂಟಲಿಗೆ ಒತ್ತಿತ್ತು, ಇನ್ನೊಂದು ಕಡೆ ಕೆಳಗೆ ಜೋತಿತ್ತು. ನನ್ನ ಜೊತೆಗಿದ್ದ ಹೊಸ ಸಹಾಯಕಿ ಸರಿಪಡಿಸಲು ಕೈ ಮುಂದೆ ಮಾಡಿದಳು. ನಾನು ತಡೆದೆ. ತಾಯಿ ಹಾಕಿದ್ದರೆ ಸರಿಯಾಗಿಯೇ ಇರುತ್ತಿತ್ತು. ಅಂದು ತಾಯಿ ಕೆಲಸಕ್ಕೆ ಹೋದ ಮೇಲೆ, ಯಾರೂ ಹೇಳದೆ, ಅವನೇ ಹಾಕಿಕೊಂಡು ಬಂದಿದ್ದ. ಆ ಸೊಟ್ಟ ಅಂಗಿಯಲ್ಲೇ ಅವನು ಪ್ರಾರ್ಥನೆಗೆ ನಿಂತ, ಊಟ ಮಾಡಿದ, ಮನೆಗೆ ಹೋದ. ಅಂದಿನ ನನ್ನ ಸಂತೋಷ ಯಾವುದೇ ಶಾಲಿನಿಂದ ಬರುವಂಥದ್ದಲ್ಲ. ಕೆಲಸ ಬಲ್ಲ ಬಡಗಿಗೆ ಬಾಗಿಲು ಚೌಕಟ್ಟಿನಲ್ಲಿ ಸರಿಯಾಗಿ ಕೂತಾಗ ಆಗುವ ಸಂತೋಷವದು. ಇಲ್ಲಿ ಕೂತದ್ದು ಒಬ್ಬ ಹುಡುಗನ ಬದುಕಿನ ಒಂದು ಬೆಳಗು.

ಎರಡನೆಯದು ಹಣದ ಸಂಗತಿ. ಡೌನ್ ಸಿಂಡ್ರೋಮ್ ಇರುವ ಒಬ್ಬಾಕೆಗೆ ಈಗ ಮೂವತ್ತೆರಡು ವರ್ಷ. ಅವಳಿಗೆ ಅಂಕಿ ಹತ್ತರ ಮುಂದೆ ಹೋಗುವುದಿಲ್ಲ. ಆದರೆ ನೋಟಿನ ಬಣ್ಣವನ್ನು ಅವಳು ಎಂದೂ ತಪ್ಪುತ್ತಿರಲಿಲ್ಲ. ಗಾಂಧಿ ಚಿತ್ರದ ಹಳೆಯ ನೋಟುಗಳಲ್ಲಿ ಐವತ್ತು ನೇರಳೆ, ನೂರು ನೀಲಿ ಹಸಿರು. ಬಸ್ಸಿಗೆ ಯಾವ ಬಣ್ಣ, ಬ್ರೆಡ್ಡಿಗೆ ಯಾವ ಬಣ್ಣ, ಅಂಗಡಿಯವರು ಯಾವ ಬಣ್ಣವನ್ನು ಹಿಂದಿರುಗಿಸಬೇಕು ಎಂಬುದನ್ನು ಎರಡು ವರ್ಷ ಕಲಿತು, ಗೋಣಿಕೊಪ್ಪಲಿನ ಪೇಟೆಗೆ ಒಬ್ಬಳೇ ಹೋಗಿ ಬರುವ ಮಟ್ಟಕ್ಕೆ ಬಂದಿದ್ದಳು. ಅಷ್ಟರಲ್ಲಿ 2016ರ ನವೆಂಬರಿನಲ್ಲಿ ನೋಟು ರದ್ದಾಯಿತು. ಮುಂದಿನ ಎರಡು ಮೂರು ವರ್ಷಗಳಲ್ಲಿ ಒಂದೊಂದಾಗಿ ಎಲ್ಲ ನೋಟುಗಳ ಬಣ್ಣವೂ ಅಳತೆಯೂ ಬದಲಾದವು. ಹೊಸ ಐವತ್ತು ನೀಲಿಯಾಗಿ ಬಂತು, 2018ರಲ್ಲಿ ಹೊಸ ನೂರು ತಿಳಿ ನೇರಳೆಯಾಗಿ ಬಂತು. ಹಳೆಯವೂ ಚಲಾವಣೆಯಲ್ಲಿದ್ದವು. ಅಂದರೆ ಅವಳು ಕಲಿತ ಐವತ್ತರ ಬಣ್ಣ ನೂರಕ್ಕೆ ಹೋಯಿತು, ನೂರರ ಬಣ್ಣದ ಹತ್ತಿರದ್ದು ಐವತ್ತಕ್ಕೆ ಬಂತು. ಓದು ಬರಹ ಬಲ್ಲ ನಮಗೆ ಇದು ಗಮನಕ್ಕೂ ಬರಲಿಲ್ಲ. ಅವಳು ಒಂದು ದಿನ ಐವತ್ತೆಂದು ತಿಳಿದು ನೂರು ಕೊಟ್ಟು, ಚಿಲ್ಲರೆ ಕಾಯದೆ ಬಂದಳು. ವಿಷಯ ಗೊತ್ತಾದಾಗ ಪರ್ಸನ್ನು ನನ್ನ ಮೇಜಿನ ಮೇಲಿಟ್ಟು, ಇನ್ನು ಹೋಗುವುದಿಲ್ಲ ಎಂದು ತಲೆಯಾಡಿಸಿದಳು.

ಮತ್ತೆ ಹೊಸದಾಗಿ ಶುರು ಮಾಡಿದೆವು. ಈ ಸಲ ಬಣ್ಣವನ್ನು ಬಿಟ್ಟು ನೋಟಿನ ಹಿಂಬದಿಯ ಚಿತ್ರವನ್ನು ಹಿಡಿದೆವು. ಹೊಸ ಐವತ್ತರಲ್ಲಿ ಹಂಪಿಯ ಕಲ್ಲಿನ ರಥ, ಹೊಸ ನೂರರಲ್ಲಿ ಗುಜರಾತಿನ ರಾಣಿಯ ಮೆಟ್ಟಿಲು ಬಾವಿ. ‘ತೇರು’ ಎಂದರೆ ಐವತ್ತು, ‘ಬಾವಿ’ ಎಂದರೆ ನೂರು. ಏಳು ತಿಂಗಳು ಬೇಕಾಯಿತು. ಈಗ ಅವಳು ಪೇಟೆಯಲ್ಲಿ ನೋಟನ್ನು ತಿರುಗಿಸಿ ಹಿಂಬದಿ ನೋಡಿ ಕೊಡುತ್ತಾಳೆ, ಸಿಕ್ಕ ಚಿಲ್ಲರೆಯನ್ನೂ ತಿರುಗಿಸಿ ನೋಡಿಯೇ ಪರ್ಸಿಗೆ ಹಾಕುತ್ತಾಳೆ. ಅವಳಿಗೆ ಚಿಲ್ಲರೆ ಕೊಡುವ ಅಂಗಡಿಯವರೊಬ್ಬರು ಈಗ ತಾವೇ ಹಿಂಬದಿ ಮೇಲೆ ಮಾಡಿ ಕೊಡುತ್ತಾರೆ. ಹಾಗೆ ಮಾಡಿ ಎಂದು ನಾವು ಯಾರೂ ಅವರನ್ನು ಕೇಳಿರಲಿಲ್ಲ.

ಎಲ್ಲ ದಿನಗಳೂ ಹೀಗಿರುವುದಿಲ್ಲ. ನನ್ನ ಎಡ ಮುಂಗೈಯಲ್ಲಿ ಕಚ್ಚಿದ ಗುರುತು ಇನ್ನೂ ಇದೆ. ದೊಡ್ಡವರನ್ನು ಎತ್ತಿ ಕೂರಿಸಿ ಸೊಂಟ ಹಿಡಿದಿದೆ. ಇವನ್ನು ಮುಚ್ಚಿಟ್ಟರೆ ಈ ಕೆಲಸದ ಬಗ್ಗೆ ಸತ್ಯ ಹೇಳಿದಂತಾಗುವುದಿಲ್ಲ. ಆದರೆ ಆ ಕಚ್ಚಿದ ಗುರುತಿನ ಹಿಂದೆಯೂ ಒಂದು ಸಂಗತಿ ಇದೆ. ಇಪ್ಪತ್ತಾರು ವರ್ಷದ, ಮಾತಿಲ್ಲದ ಒಬ್ಬ ಯುವಕ ಇದ್ದಕ್ಕಿದ್ದಂತೆ ಗೋಡೆಗೆ ತಲೆ ಬಡಿದುಕೊಳ್ಳತೊಡಗಿದ, ಹತ್ತಿರ ಹೋದವರನ್ನು ಕಚ್ಚುತ್ತಿದ್ದ. ಮನೆಯವರು ಹಠ ಎಂದರು. ಒಂದು ಆಸ್ಪತ್ರೆಯಲ್ಲಿ ಇಂಥವರಲ್ಲಿ ಇದೆಲ್ಲ ಇರುವುದೇ ಎಂದು ಹೇಳಿ ನಿದ್ರೆಯ ಮಾತ್ರೆ ಹೆಚ್ಚಿಸಿದರು. ನಮ್ಮ ತರಬೇತಿಯಲ್ಲಿ ಕಲಿಸುವ ಮೊದಲ ಪಾಠವೆಂದರೆ ಬರೆದಿಡುವುದು: ಯಾವಾಗ ಆಯಿತು, ಅದಕ್ಕೆ ಮೊದಲು ಏನಾಗಿತ್ತು, ಅದರ ನಂತರ ಏನಾಯಿತು. ಹನ್ನೊಂದು ದಿನ ಬರೆದೆ. ಬಿಸಿ ಚಹಾ ಕುಡಿದ ಮೇಲೆ ಹೆಚ್ಚು, ಮೊಸರನ್ನ ತಿಂದ ಮೇಲೆ ಇಲ್ಲ, ಬಡಿದುಕೊಳ್ಳುವುದು ಯಾವಾಗಲೂ ತಲೆಯ ಬಲಭಾಗ. ಆ ಪುಸ್ತಕವನ್ನು ಹಿಡಿದು ದಂತವೈದ್ಯರ ಬಳಿ ಕರೆದೊಯ್ದೆವು. ಬಲಗಡೆಯ ದವಡೆ ಹಲ್ಲು ಬೇರಿನವರೆಗೆ ಹುಳುಕಾಗಿತ್ತು. ಹಲ್ಲು ತೆಗೆದ ಮೂರನೆಯ ದಿನ ಅವನು ಊಟದ ತಟ್ಟೆಯನ್ನು ತಾನೇ ತಂದು ನನ್ನ ಮುಂದೆ ಇಟ್ಟು ಕುಳಿತ. ಅವನು ಎಷ್ಟು ದಿನ ಆ ನೋವಿನಲ್ಲಿದ್ದನೋ ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ. ಬರೆಯಲು ಕಲಿಯದ ಒಳ್ಳೆಯ ಮನಸ್ಸೊಂದು ಅವನ ಪಕ್ಕದಲ್ಲಿದ್ದಿದ್ದರೆ ಅವನಿಗಾಗಿ ಹರಕೆ ಹೊತ್ತಿರುತ್ತಿತ್ತು, ಹಲ್ಲು ಹಾಗೆಯೇ ಉಳಿದಿರುತ್ತಿತ್ತು.

ಇನ್ನೊಂದು ಮಾತು ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿಯದು. ಕದಿರು ಕೊಯ್ಯುವ ಗಳಿಗೆಯಲ್ಲಿ ಕೋವಿಯಿಂದ ಗುಂಡು ಹಾರಿಸುವುದು ನಮ್ಮಲ್ಲಿನ ಪದ್ಧತಿ. ಆಟಿಸಂ ಇರುವ ಒಂಬತ್ತು ವರ್ಷದ ಹುಡುಗನೊಬ್ಬನಿಗೆ ಆ ಶಬ್ದ ಮೈಗೆ ಬಡಿದ ಏಟಿನಂತೆ. ಪ್ರತಿ ವರ್ಷ ಇಡೀ ಒಕ್ಕ, ಅಂದರೆ ಮನೆತನದವರೆಲ್ಲ, ಗದ್ದೆಗೆ ಇಳಿದರೆ ಅವನು ಐನ್‌ಮನೆಯ, ಅಂದರೆ ಮನೆತನದ ಮೂಲಮನೆಯ ಹಿಂದಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಯಾರಾದರೊಬ್ಬರ ಜೊತೆ ಇರಬೇಕಾಗಿತ್ತು. ಒಂದು ವರ್ಷ ತಿಂಗಳು ಮೊದಲೇ ತಯಾರಿ ಮಾಡಿದೆವು. ನೆರೆ (ಹಬ್ಬದ ಎಲೆಗಳ ಕಟ್ಟು) ಕಟ್ಟುವುದು, ಗದ್ದೆಗೆ ಹೋಗುವುದು, ಗುಂಡು, ಕದಿರು, ಮನೆಗೆ ಬಂದು ಹಬ್ಬದ ಸಿಹಿಯಾದ ತಂಬುಟ್ಟು ತಿನ್ನುವುದು, ಹೀಗೆ ಹಿಂದಿನ ವರ್ಷದ ಫೋಟೋಗಳನ್ನು ಸಾಲಾಗಿ ಅಂಟಿಸಿ ದಿನವೂ ತೋರಿಸಿದೆ. ತೋಟದಲ್ಲಿ ಮರ ಕೊಯ್ಯುವ ಯಂತ್ರ ನಡೆಸುವವರು ಹಾಕಿಕೊಳ್ಳುವ ಕಿವಿಮುಚ್ಚಳವನ್ನು ತಂದೆ ಹುಡುಕಿ ತಂದರು. ಆ ರಾತ್ರಿ ಅವನು ತಂದೆಯ ಕೈ ಹಿಡಿದು ಗದ್ದೆಯ ಮೇಲಿನ ಬದುವಿನಲ್ಲಿ ದೂರ ನಿಂತ. ಗುಂಡು ಹಾರಿತು, ಎಲ್ಲರೂ ‘ಪೊಲಿ ಪೊಲಿ ದೇವಾ’ ಎಂದು ಕೂಗಿದರು. ಅವನು ಎರಡೂ ಅಂಗೈಗಳನ್ನು ಹಕ್ಕಿ ರೆಕ್ಕೆ ಬಡಿದಂತೆ ಬಡಿಯತೊಡಗಿದ. ಅಜ್ಜಿ ಗಾಬರಿಯಿಂದ ನನ್ನ ಕಡೆ ತಿರುಗಿ, ಹೆದರಿದನಾ ಎಂದು ಕೇಳಿದರು. ಇಲ್ಲ ಅಮ್ಮಾ, ಖುಷಿಯಾದಾಗ ಅವನು ಮಾಡುವುದೇ ಹಾಗೆ ಎಂದೆ. ಒಂಬತ್ತು ವರ್ಷ ಆ ಮನೆಯಲ್ಲಿ ಬೆಳೆದ ಮೊಮ್ಮಗನ ಕೈಗಳ ಅರ್ಥ ಆ ಅಜ್ಜಿಗೆ ಅಂದು ತಿಳಿಯಿತು. ಅದನ್ನು ತಿಳಿಸುವ ಕೆಲಸ ನನ್ನದಾಗಿತ್ತು ಎಂಬುದು ನನ್ನ ಸಂಪಾದನೆ.

ಮಾನ್ಯರೇ, ಇನ್ನು ದೂರಿನ ಮಾತಿಗೆ ಬರುತ್ತೇನೆ. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. 1995ರ ಕಾಯ್ದೆಯಲ್ಲಿ 7 ಬಗೆಯ ವಿಕಲತೆಗಳಿದ್ದದ್ದು ಇದರಲ್ಲಿ 21 ಆಗಿವೆ. ಬೌದ್ಧಿಕ ವಿಕಲತೆ, ಆಟಿಸಂ, ಓದು ಬರಹ ಲೆಕ್ಕಗಳಲ್ಲಿ ಮಾತ್ರ ತೊಡಕಿರುವ ನಿರ್ದಿಷ್ಟ ಕಲಿಕಾ ನ್ಯೂನತೆ, ಇವು ಮೂರೂ ಬೇರೆ ಬೇರೆ ಎಂದು ಕಾಯ್ದೆಯೇ ಗುರುತಿಸಿದೆ, ನಮ್ಮ ಸಭೆಗಳಲ್ಲಿ ಮಾತ್ರ ಇವೆಲ್ಲಕ್ಕೂ ಇನ್ನೂ ಒಂದೇ ಹೆಸರು. ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕನ್ನು ಅದೇ ಕಾಯ್ದೆ ಕೊಟ್ಟಿದೆ. ಸುಂಟಿಕೊಪ್ಪದಲ್ಲಿ, ಪಾಲಿಬೆಟ್ಟದಲ್ಲಿ ವಿಶೇಷ ಮಕ್ಕಳಿಗಾಗಿ ಶಾಲೆಗಳು ವರ್ಷಗಳಿಂದ ನಡೆಯುತ್ತಿವೆ. ತೀರಾ ಹೊರಬರಲಾಗದ ಮಕ್ಕಳಿಗೆ ಮನೆಗೇ ಶಿಕ್ಷಕರು ಬರುವ ವ್ಯವಸ್ಥೆ ಶಿಕ್ಷಣ ಇಲಾಖೆಯಲ್ಲಿದೆ. ಆದರೆ ಹದಿನೆಂಟು ತುಂಬಿದ ಮರುದಿನ ಏನು? ಗುಂಡಿ ಹಾಕಲು ಕಲಿತ ಹುಡುಗ ಲೈನ್ ಮನೆಯ ಜಗಲಿಗೆ ಮರಳುತ್ತಾನೆ. ಎರಡು ವರ್ಷ ಯಾರೂ ಕೈ ಹಿಡಿಯದಿದ್ದರೆ ಕಲಿತದ್ದು ಕರಗುತ್ತದೆ. ಹಾಗೆ ಕರಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಬಸ್ಸಿನಲ್ಲಿ ಒಬ್ಬಳೇ ಓಡಾಡುತ್ತಿದ್ದವಳು ಮೂರು ವರ್ಷದ ನಂತರ ಮನೆಯ ಗೇಟು ದಾಟಲು ಅಳುತ್ತಿದ್ದದ್ದನ್ನು.

ಕೈ ಹಿಡಿಯುವವರೇ ಇಲ್ಲ ಎಂಬುದು ಇದರ ಇನ್ನೊಂದು ಮುಖ. ನಾನು ಸೇರಿದಾಗ ತಿಂಗಳಿಗೆ 2,500 ರೂಪಾಯಿ ಇತ್ತು. ಈಗ ಹೆಚ್ಚಾಗಿದೆ. ಆದರೂ ಕೊಯ್ಲಿನ ಕಾಲದಲ್ಲಿ ಕಾಫಿ ಕೊಯ್ಯುವ ಕೈಗಳಿಗೆ ಸಿಗುವ ದಿನಗೂಲಿಯ ಪಕ್ಕದಲ್ಲಿ ನಮ್ಮ ಹೊಸ ಸಹಾಯಕಿಯ ದಿನದ ಲೆಕ್ಕ ನಿಲ್ಲುವುದಿಲ್ಲ. ಕಳೆದ ಆರು ವರ್ಷಗಳಲ್ಲಿ ನನ್ನ ಕೈಕೆಳಗೆ ಕಲಿತ ನಾಲ್ವರು ಹುಡುಗಿಯರು ಬಿಟ್ಟು ಹೋದರು. ಒಬ್ಬಳು ಹೋಂಸ್ಟೇಗೆ, ಒಬ್ಬಳು ಮೈಸೂರಿನ ಬಟ್ಟೆ ಅಂಗಡಿಗೆ, ಇಬ್ಬರು ಮದುವೆಯಾಗಿ. ನಾಲ್ವರಲ್ಲಿ ಮೂವರು ಹೋಗುವಾಗ ಅತ್ತರು. ಅವರಿಗೆ ಈ ಕೆಲಸ ಬೇಡವಾಗಿರಲಿಲ್ಲ, ಈ ಸಂಬಳದಲ್ಲಿ ಬದುಕಲು ಆಗುತ್ತಿರಲಿಲ್ಲ. ಒಬ್ಬ ಸಹಾಯಕಿ ಹೋದರೆ ನಷ್ಟ ನಮಗಷ್ಟೇ ಅಲ್ಲ. ಅವಳ ಕೈಯಿಂದ ಮಾತ್ರ ತುತ್ತು ತೆಗೆದುಕೊಳ್ಳುತ್ತಿದ್ದ ಒಬ್ಬ ಹುಡುಗ ಎರಡು ದಿನ ಊಟ ಬಿಟ್ಟ. ಹೊಸ ಕೈಯನ್ನು ನಂಬಲು ಅವನಿಗೆ ನಾಲ್ಕು ತಿಂಗಳಾಯಿತು.

ತಂದೆ ತಾಯಂದಿರು ತಮ್ಮ ಮಗಳು ಈ ಕೆಲಸಕ್ಕೆ ಬರುತ್ತೇನೆಂದರೆ ಬೇಡ ಎನ್ನುತ್ತಾರೆ. ಕಾರಣ ಕೇಳಿದರೆ, ಪುಣ್ಯದ ಕೆಲಸವೇನೋ ಹೌದು, ಆದರೆ ನಮ್ಮ ಮಗಳಿಗೆ ಯಾಕೆ ಎಂಬ ಉತ್ತರ ಬರುತ್ತದೆ. ಇದೇ ಮನೆಗಳಲ್ಲಿ ನರ್ಸಿಂಗ್ ಓದಿಸಲು ಸಾಲ ಮಾಡುತ್ತಾರೆ. ನರ್ಸ್ ಕೆಲಸವನ್ನೂ ಒಂದು ಕಾಲಕ್ಕೆ ನಮ್ಮವರು ಸೇವೆ ಎಂದಷ್ಟೇ ಕರೆಯುತ್ತಿದ್ದರು. ಅದಕ್ಕೆ ಓದು, ನೋಂದಣಿ, ಸಂಬಳ ಬಂದ ಮೇಲೆ ಗೌರವವೂ ಬಂತು, ಸೇವೆಯ ಗುಣವೇನೂ ಅದರಿಂದ ಕಡಿಮೆಯಾಗಲಿಲ್ಲ.

ನಿಮ್ಮಲ್ಲಿ ನನ್ನ ಕೋರಿಕೆಗಳು ದೊಡ್ಡವಲ್ಲ. ಪಂಚಾಯಿತಿಯ ಸ್ವಂತ ಸಂಪನ್ಮೂಲದಲ್ಲಿ ಶೇ 5ರಷ್ಟನ್ನು ವಿಕಲಚೇತನರಿಗಾಗಿ ತೆಗೆದಿಡಬೇಕೆಂಬುದು ನಿಮಗೆ ಗೊತ್ತಿರುವುದೇ. ನಾನು ನೋಡಿದ ಕಡೆಗಳಲ್ಲಿ ಆ ಹಣ ಹೆಚ್ಚಾಗಿ ವರ್ಷದ ಕೊನೆಗೆ ವಸ್ತುಗಳಾಗಿ ಹಂಚಿಹೋಗುತ್ತದೆ. ನಡೆಯಲಾಗದವರಿಗೆ ಗಾಲಿಕುರ್ಚಿ ಖಂಡಿತ ಬೇಕು. ಆದರೆ ಬೌದ್ಧಿಕ ವಿಕಲತೆ ಇರುವವರಿಗೆ ಬೇಕಾದ ಸಾಧನ ಇನ್ನೊಬ್ಬ ಮನುಷ್ಯ, ಕೆಲಸ ಕಲಿತ ಮನುಷ್ಯ. ಆ ಹಣದಲ್ಲಿ ಒಂದು ಪಾಲನ್ನು ಅಂಥ ಒಬ್ಬ ಸಹಾಯಕ ಅಥವಾ ಸಹಾಯಕಿಯ ಗೌರವಧನಕ್ಕೆ ಬಳಸಲು ನಿಯಮದಲ್ಲಿ ಅವಕಾಶವಿದ್ದರೆ ದಯವಿಟ್ಟು ಬಳಸಿರಿ. ಅವಕಾಶವಿಲ್ಲವೆಂದಾದರೆ ಹಾಗೆಂದು ಬರವಣಿಗೆಯಲ್ಲಿ ತಿಳಿಸಿ, ಅವಕಾಶ ಬೇಕೆಂಬ ನಿರ್ಣಯವನ್ನು ಸಭೆಯಲ್ಲಿ ಅಂಗೀಕರಿಸಿ ಮೇಲಕ್ಕೆ ಕಳುಹಿಸಿರಿ. ನಾಲ್ಕು ಪಂಚಾಯಿತಿಗಳು ಸೇರಿ ಒಬ್ಬರನ್ನು ಇಟ್ಟುಕೊಂಡರೂ ವಾರದಲ್ಲಿ ಒಂದೊಂದು ಊರಿಗೆ ಒಂದು ದಿನ ಸಿಗುತ್ತದೆ. ನಿಮ್ಮಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಮೇಲೆಯೇ ಇದನ್ನೂ ಹೊರಿಸಬೇಡಿ ಎಂದು ವಿಶೇಷವಾಗಿ ಕೇಳಿಕೊಳ್ಳುತ್ತೇನೆ. ಅವರಲ್ಲಿ ಬಹುತೇಕರು ಸ್ವತಃ ವಿಕಲಚೇತನರು, ತೋಟದಿಂದ ತೋಟಕ್ಕೆ ನಡೆದು ಅರ್ಜಿ, ಗುರುತಿನ ಚೀಟಿ, ಪಿಂಚಣಿಯ ಕಾಗದಗಳನ್ನು ನೋಡಿಕೊಳ್ಳುವುದರಲ್ಲೇ ಅವರ ದಿನ ಮುಗಿಯುತ್ತದೆ.

ಅದೇ ಅಧಿನಿಯಮದ 47ನೇ ಸೆಕ್ಷನ್ ಪಂಚಾಯತ್ ರಾಜ್ ಸದಸ್ಯರ ತರಬೇತಿಯಲ್ಲಿ ವಿಕಲಚೇತನರ ಹಕ್ಕುಗಳ ವಿಷಯ ಇರಲೇಬೇಕು ಎನ್ನುತ್ತದೆ. ಕುಟುಂಬದವರಿಗೆ, ಊರಿನವರಿಗೆ, ಆರೈಕೆ ಮಾಡುವವರಿಗೆ ತರಬೇತಿ ಕೊಡಬೇಕೆಂದೂ ಅದೇ ಸೆಕ್ಷನ್ ಹೇಳುತ್ತದೆ. ನಿಮ್ಮ ತರಬೇತಿಯಲ್ಲಿ ಇದು ಬಂದಿಲ್ಲವಾದರೆ ಕೇಳಿ ಪಡೆಯಿರಿ. ಪಿಯುಸಿ ಮುಗಿಸಿ ಮನೆಯಲ್ಲಿರುವ ನಿಮ್ಮ ವಾರ್ಡಿನ ಹುಡುಗ ಹುಡುಗಿಯರಿಗೆ ಇಂಥ ಕೆಲಸವೊಂದಿದೆ, ಅದಕ್ಕೆ ಮಾನ್ಯತೆ ಪಡೆದ ಓದು ಇದೆ ಎಂದು ತಿಳಿಸಿ. ಹಾಗೆ ಹೇಳುವಾಗ ಪುಣ್ಯದ ಮಾತನ್ನು ಆಡಬೇಡಿ, ಈ ಪತ್ರದ ಗುಂಡಿಯ ಕಥೆಯನ್ನು ಹೇಳಿ. ಕೆಲಸದ ರುಚಿ ಹಿಡಿಯಬಲ್ಲವರು ಅದರಲ್ಲೇ ಹಿಡಿದುಕೊಳ್ಳುತ್ತಾರೆ.

ಮಳೆಗಾಲದ ಬಗ್ಗೆ ಒಂದು ಮಾತು ಹೇಳದೆ ಮುಗಿಸಲಾರೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಜಾರಿದಾಗ ನಾನು ಪರಿಹಾರ ಕೇಂದ್ರವೊಂದರಲ್ಲಿ ಐದು ದಿನ ಇದ್ದೆ. ನೂರಾರು ಜನರ ಗದ್ದಲ, ರಾತ್ರಿಯಿಡೀ ಉರಿಯುವ ಟ್ಯೂಬ್‌ಲೈಟ್, ಗೊತ್ತಿಲ್ಲದ ಮುಖಗಳು. ಆಟಿಸಂ ಇದ್ದ ಯುವಕನೊಬ್ಬ ಎರಡು ರಾತ್ರಿ ಕಣ್ಣು ಮುಚ್ಚಲಿಲ್ಲ, ತಾಯಿ ಅವನನ್ನು ಹಿಡಿದುಕೊಂಡು ಮಳೆಯಲ್ಲೇ ವರಾಂಡದಲ್ಲಿ ನಿಂತಿದ್ದರು. ಮೇಜಿನ ಮೇಲಿಂದ ಕಂಬಳಿ ಇಳಿಬಿಟ್ಟು ಕೆಳಗೆ ಗುಡಿಸಲಿನಂತೆ ಮಾಡಿದೆ. ಅವನು ಒಳಗೆ ತೂರಿ ಹದಿನಾಲ್ಕು ಗಂಟೆ ಮಲಗಿದ. ಇದಕ್ಕೆ ಬೇಕಾದದ್ದು ಒಂದು ಮೇಜು, ಒಂದು ಕಂಬಳಿ ಮತ್ತು ಗೊತ್ತಿದ್ದ ಒಬ್ಬರು. ವಿಕಲಚೇತನರ ವಿವರಗಳನ್ನು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಇಟ್ಟುಕೊಂಡಿರಬೇಕೆಂದು ಕಾಯ್ದೆಯ 8ನೇ ಸೆಕ್ಷನ್ ಹೇಳುತ್ತದೆ. ಆ ವಿವರ ನಿಮ್ಮ ವಾರ್ಡುಗಳಿಂದಲೇ ಹೋಗಬೇಕು. 2011ರ ಜನಗಣತಿಯ ವಿಕಲತೆಯ ಪಟ್ಟಿಯಲ್ಲಿ ಆಟಿಸಂ ಪ್ರತ್ಯೇಕವಾಗಿ ಇರಲೇ ಇಲ್ಲ. ಹಾಗಾಗಿ ಹಳೆಯ ಪಟ್ಟಿಯನ್ನು ನಕಲು ಮಾಡಿ ಕಳುಹಿಸಬೇಡಿ. ಪ್ರತಿ ವರ್ಷ ಜೂನ್‌ಗೆ ಮೊದಲು, ಲೈನ್ ಮನೆಗಳನ್ನೂ ಆದಿವಾಸಿಗಳ ಹಾಡಿಗಳನ್ನೂ ಬಿಡದೆ, ಮನೆಮನೆಗೆ ಹೋಗಿ ಕೇಳಿ. ಹೆಸರಿನ ಮುಂದೆ ಒಂದು ಸಾಲು ಬರೆಯಿರಿ: ಇವರನ್ನು ಸಮಾಧಾನ ಮಾಡುವುದು ಏನು, ಇವರು ಯಾರ ಕೈ ಹಿಡಿದು ಬರುತ್ತಾರೆ.

ಮುಂದಿನ ಸಮನ್ವಯ ಗ್ರಾಮಸಭೆಗೆ ಅದೇ ಅರ್ಜಿಯನ್ನು ನಾವು ಮತ್ತೆ ತರುತ್ತೇವೆ. ಈ ಸಲ ಅದನ್ನು ನಾನು ಓದುವುದಿಲ್ಲ. ನೋಟಿನ ಹಿಂಬದಿ ನೋಡಿ ಚಿಲ್ಲರೆ ಎಣಿಸುವ ಆಕೆ ಮೂರು ತಿಂಗಳಿಂದ ಮೂರು ವಾಕ್ಯಗಳನ್ನು ಅಭ್ಯಾಸ ಮಾಡುತ್ತಿದ್ದಾಳೆ. ಒಂದು ಅವಳ ಹೆಸರು, ಇನ್ನೊಂದು ಅವಳ ಊರು, ಮೂರನೆಯದು ‘ನಮಗೆ ಒಂದು ಕೋಣೆ ಬೇಕು’ ಎಂಬುದು. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಅವಳು ತುಂಬ ಹೊತ್ತು ತೆಗೆದುಕೊಳ್ಳುತ್ತಾಳೆ. ಆಗ ದಯವಿಟ್ಟು ಯಾರೂ ಮಾತನ್ನು ಎತ್ತಿಕೊಡಬೇಡಿ, ಮುಂದಿನ ವಿಷಯಕ್ಕೆ ಹೋಗಬೇಡಿ. ಅವಳಿಗೆ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಹಾಕಿಸಿ, ಅವಳು ಮುಗಿಸುವವರೆಗೆ ಕಾಯಿರಿ.

ಇತಿ ತಮ್ಮ ವಿಶ್ವಾಸಿ,

ಆರೈಕೆ ಸಹಾಯಕಿ ಮತ್ತು ತರಬೇತುದಾರಳು
ವಿರಾಜಪೇಟೆ ತಾಲ್ಲೂಕು, ಕೊಡಗು